ಕಮಲಾಪುರದ ಎರಡು ಜಾಡಿಗಳು

ಕಲಬುರಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಕೇರುತ್ತಿದ್ದೆ. ಕಮಲಾಪುರದ ಗೆಳತಿ ಮೊದಲ ಬಸ್ಸಿಗೇ ಬಂದು ಬಾಗಿಲಲ್ಲಿ ನಿಂತಳು.

"ಅಕ್ಕಾರ, ನಸುಕಿನ್ಯಾಗ ಒಂದು ಜಾಡಿ ಒಡದದ್ರೀ. ರಸ ಎಲ್ಲಾ ಗ್ವಾಡಿಗಿ ಹಾರ್ಯದ. ಹೊಸಾ ಜಾಡಿ ಒಯ್ಯಾಕ ಬಂದೀನಿ. ಮುಚ್ಚಳ ಯಾರು ತಿರುವಿದ್ರು ಅಂತ ಅತ್ತಿ ಕೇಳಾಕತ್ತಾರ."

ತಿರುವಿದ್ದು ನಾನೇ.

ಇದು ತೊಂಬತ್ತರ ದಶಕದ ಮಾತು. ಗೆಳತಿಯ ಗಂಡನ ಮನೆಯವರು ಕ್ರೈಸ್ತರು. ಅವರ ತೋಟದಲ್ಲಿ ಮಾವನ ತಂದೆ ನೆಟ್ಟ ಕಪ್ಪು ದ್ರಾಕ್ಷಿ ಬಳ್ಳಿಗಳಿದ್ದವು. ಬುಡ ನನ್ನ ತೋಳಿಗಿಂತ ದಪ್ಪ. ಹೊಸ ತಳಿ ಹಾಕಿದರೆ ಫಸಲು ಹೆಚ್ಚು ಎಂದು ಎಷ್ಟು ಮಂದಿ ಹೇಳಿದರೂ ಅವರು ಕಡಿಯಲಿಲ್ಲ. ಬಳ್ಳಿ ಸವರುವುದರಿಂದ ಹಣ್ಣು ಹಿಚುಕುವವರೆಗೆ ಎಲ್ಲ ಮನೆಯವರ ಕೈಯಲ್ಲೇ ಆಗಬೇಕು. ಆ ಕೆಂಪು ವೈನ್ ಊರಿನ ಪುಟ್ಟ ಚರ್ಚಿನ ಪೂಜೆಗೆ ವರ್ಷವಿಡೀ ಹೋಗುತ್ತಿತ್ತು. ಆ ವರ್ಷ ಹಣ್ಣು ಕಡಿಮೆ. ತುಂಬಿದ್ದೇ ಎರಡು ದೊಡ್ಡ ಗಾಜಿನ ಜಾಡಿ.

ನಾನು ಏಕಾದಶಿ ಬಿಡದವಳು, ವೈನ್ ಮೂಸಿಯೂ ನೋಡಿದವಳಲ್ಲ. ಆದರೂ ಹಣ್ಣು ತೊಳೆಯಲು ಪ್ರತಿ ಸಲ ಹೋಗುತ್ತಿದ್ದೆ. ಆ ಸಲ ರಸ ತುಂಬಿಟ್ಟು ಅವರೆಲ್ಲ ಊಟಕ್ಕೆ ಎದ್ದಾಗ ನೋಡಿದರೆ ಜಾಡಿಗಳ ಬಾಯಿಗೆ ಬರೀ ತೆಳು ಬಟ್ಟೆ. ನೊಣ ಬಿದ್ದೀತೆಂದು, ಉಪ್ಪಿನಕಾಯಿಗೆ ಮಾಡುವಂತೆ ಮುಚ್ಚಳ ಹಾಕಿ ಬಲವಾಗಿ ತಿರುವಿ, ಮೇಲೆ ಮತ್ತೆ ಬಟ್ಟೆ ಕಟ್ಟಿಬಿಟ್ಟೆ. ಯಾರಿಗೂ ಕಾಣಲಿಲ್ಲ. ರಸ ಹುದುಗುವಾಗ ಗಾಳಿ ಹೊರಹೋಗಲು ದಾರಿ ಬೇಕೆಂದು ನನಗೇನು ಗೊತ್ತು?

ಹೊಸ ಜಾಡಿ ಆಮೇಲೆ ನೋಡೋಣವೆಂದು, ಮೊರ ಹಾಗೇ ಬಿಟ್ಟು ಗೆಳತಿಯ ಜೊತೆ ಬಸ್ಸು ಹತ್ತಿದೆ. ಅವಳ ಅತ್ತೆ ಉಳಿದ ಜಾಡಿಗೆ ಗೋಣಿಚೀಲ ಹೊದಿಸಿ, ಅದು ತಣ್ಣಗಾಗಲೆಂದು ನೀರು ಹನಿಸುತ್ತ ಕೂತಿದ್ದರು. ಇದೂ ಹೋದರೆ ಚರ್ಚಿಗೆ ಏನು ಕೊಡುತ್ತಾರೆ? ಅವರ ಕಾಲಿಗೆ ಬಿದ್ದೆ.

"ಅಮ್ಮಾರ, ನಂದೇ ತಪ್ಪು."

"ಏಳವ್ವಾ. ಎಂಥಾ ಕೈ ನಿಂದು! ನಿಮ್ಮ ಮನ್ಯಾಗ ಉಪ್ಪಿನಕಾಯಿ ತಗೀಲಾಕ ಪೈಲ್ವಾನನ್ನ ಕರೀತೀರೇನು?"

ಗೆಳತಿ ಕಿಸಕ್ಕೆಂದಳು. ಅಳುತ್ತಿದ್ದ ನನಗೂ ನಗು ಬಂತು.

ಆಮೇಲೆ ಅವರು ನಮ್ಮನ್ನೆಲ್ಲ ಹೊರಗೆ ಕಳಿಸಿ, ಗೋಣಿಚೀಲದ ಮೇಲೆ ದಪ್ಪ ಕಂಬಳಿಯನ್ನೂ ಹೊದಿಸಿ, ಅದರಡಿ ಕೈಹಾಕಿದರು. ಕೂದಲೆಳೆಯಷ್ಟು ತಿರುವುವುದು, ನಿಲ್ಲುವುದು. ಬಾಗಿಲಾಚೆ ನಾನು ವಿಠ್ಠಲನನ್ನು ಕರೆಯುತ್ತಿದ್ದೆ, ಒಳಗೆ ಅವರು ಯೇಸಪ್ಪನನ್ನು. ಸುಸ್ಸೆಂದು ಗಾಳಿ ಬಹಳ ಹೊತ್ತು ಹೋಯಿತು. ಕೊನೆಗೆ ಮುಚ್ಚಳ ಕೈಗೆ ಬಂತು. ಕೆಂಪು ನೊರೆ ಬಾಯಿವರೆಗೆ ಉಕ್ಕಿ, ಹಾಗೇ ಇಳಿಯಿತು.

"ಒಂದರಾಗೇ ವರ್ಷ ಕಳೀತದ. ಗುಟುಕು ಸಣ್ಣದು ಮಾಡಿದ್ರಾತು," ಎಂದರು. ಒಂದು ಗಡುಸು ಮಾತಿಲ್ಲ. ಜಾಡಿ ಒಡೆದಾಗ ಆ ಕೋಣೆಯಲ್ಲಿ ಯಾರೂ ಮಲಗಿರಲಿಲ್ಲ, ಅದೇ ದೇವರ ದೊಡ್ಡ ದಯೆ. ಇನ್ನೊಂದು ದಯೆ ಆ ತಾಯಿಯದು: ಹೊರಡುವಾಗ ಜಾಡಿಯ ಬಾಯಿಗೆ ಬಟ್ಟೆ ಕಟ್ಟುವ ಕೆಲಸವನ್ನು ನನಗೇ ಕೊಟ್ಟರು. ಸಡಿಲವಾಗಿ ಕಟ್ಟಿದೆ.

ಮನೆಗೆ ಬಂದಾಗ ಮಕ್ಕಳು ಹಸಿದಿದ್ದರು. ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿ, ರೊಟ್ಟಿಗೆ ಜೋಳದ ಹಿಟ್ಟು ನಾದಲು ಕೂತೆ.