ನೀರು ಕುಡಿಯದ ನೆಲ

ಗುಂಡಿ ತೋಡಿ ನೀರು ತುಂಬಿ, ಅದು ಇಂಗುವುದನ್ನು ನೋಡುತ್ತ ಕೂರುವುದು ಭೀಮರಾಜನ ಉದ್ಯೋಗ. ಕೇಳಿದವರೆಲ್ಲ ಮೊದಲು ನಗುತ್ತಾರೆ, ಆಮೇಲೆ “ಇದಕ್ಕೂ ಸಂಬಳ ಕೊಡ್ತಾರೇನ್ರಿ?” ಎನ್ನುತ್ತಾರೆ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಸಣ್ಣದೊಂದು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಸವೆಸಿದರೂ ಅವನಿಗೆ ಇದಕ್ಕೆ ತಕ್ಕ ಉತ್ತರ ಹೊಳೆದಿಲ್ಲ. ಹೊಲ ಒಡೆದು ಸೈಟು ಮಾಡುವವರಿಗೆ ಮಾತ್ರ ಅವನ ಸಹಿ ಬೇಕು. ಒಳಚರಂಡಿ ಇಲ್ಲದ ಕಡೆ ಕಕ್ಕಸಿನ ನೀರನ್ನು ನೆಲವೇ ಕುಡಿಯಬೇಕಲ್ಲ!

ಈ ಸೀಮೆಯ ಎರೆಮಣ್ಣು ಮಹಾ ಮೋಸದ್ದು. ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಸುರಿದದ್ದೆಲ್ಲ ಗಟಗಟ ಒಳಗೆ. ಒಂದು ದಿನ ನೆನೆದು ಉಬ್ಬಿತೋ, ಬಾಯಿ ಮುಚ್ಚಿತು. ಆಮೇಲೆ ಹನಿಯೂ ಇಳಿಯದು. ಅದಕ್ಕೇ ಗುಂಡಿಯನ್ನು ಒಂದು ದಿನ ನೆನೆಸಿ ಮರುದಿನ ಅಳೆಯಬೇಕು. ಕುರುಗೋಡು ರಸ್ತೆಯ ಲೇಔಟಿನ ಮಾಲೀಕ ದೊಡ್ಡಬಸವರಾಜನಿಗೆ ಇದನ್ನು ಹೇಳಿ ಹೇಳಿ ಭೀಮರಾಜನ ಗಂಟಲು ಒಣಗಿತ್ತು.

“ಎರಡು ಕೊಡ ಸುರಿದ್ವಿ, ಹತ್ತು ನಿಮಿಷಕ್ಕ ಮಾಯ. ಇನ್ನೇನ್ ಬೇಕಲೇ ನಿನಗ? ಸಹಿ ಒಗಿ!”

ಸಹಿಗಾಗಿ ಕಾದವಳು ಇನ್ನೊಬ್ಬಳಿದ್ದಳು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಉಚ್ಚೆಂಗೆಮ್ಮ ಅಲ್ಲಿ ಸೈಟು ಹಿಡಿದು ಆಗಲೇ ಎರಡು ಕೋಣೆ ಎಬ್ಬಿಸಿದ್ದಳು. ಕಕ್ಕಸಿನ ಗುಂಡಿಗೆ ಮಾತ್ರ ಕಾಗದ ಬರಬೇಕಿತ್ತು. ಮೊಣಕಾಲು ಮಡಚಲಾಗದ ಆ ಹೆಂಗಸು ದಿನಾ ನಸುಕಿನಲ್ಲಿ ಕೋಲೂರಿಕೊಂಡು ಜಾಲಿಗಿಡಗಳ ಮರೆ ಹುಡುಕುತ್ತಿದ್ದಳು. ಒಮ್ಮೆ ಬಿದ್ದು, ಬೆಳಕು ಹರಿಯುವವರೆಗೂ ಏಳಲಾಗದೆ ಅಲ್ಲೇ ಕೂತಿದ್ದಳಂತೆ.

ಅವಳ ಹಿತ್ತಿಲಲ್ಲೇ ಭೀಮರಾಜ ಪರೀಕ್ಷೆಗೆಂದು ಮೊಳದಾಳದ ಗುಂಡಿ ತೋಡಿಸಿ, ನೀರು ತುಂಬಿಸಿ ಹೋದ. ಮರುದಿನ ಎಂಟರ ಬಸ್ಸಿಗೆ ಬಂದು ನೋಡುತ್ತಾನೆ: ಗುಂಡಿಯಲ್ಲಿ ಹನಿ ನೀರಿಲ್ಲ. ಒಳಗೆಲ್ಲ ನುಣ್ಣಗೆ ಸಗಣಿ ಸಾರಿಸಿದೆ. ಅಂಚಿಗೆ ರಂಗೋಲಿ ಬೇರೆ!

“ಯಾರವ್ವಾ ಇದನ್ನ ಮಾಡಿದ್ದು?”

“ನಾನೇ ಸಾರ್. ನೀವು ಬರ್ತೀರಿ, ರಾಡಿ ಗುಂಡಿ ತೋರಸಾಕ ನಾಚಿಕಿ ಆತು. ನೀರೆಲ್ಲ ತೋಡಿ ಚೆಲ್ಲಿ, ಕಾಲು ಚಾಚಿ ಕುಂತು ಚಂದಾಗಿ ಸಾರಿಸೀನಿ.”

ಭೀಮರಾಜ ಹಣೆ ಹಣೆ ಚಚ್ಚಿಕೊಂಡ. “ಸಗಣಿ ಮೆತ್ತಿದ್ರ ನೀರು ಹೆಂಗ ಇಂಗತೈತವ್ವಾ?”

“ಮನಿ ಜಾಗ ಸಾರಸದ ಹಂಗ ಬಿಡಾಕ ಬರ್ತೈತೇನ್ರಿ?” ಎಂದಳು, ಅವನಿಗೇ ಬುದ್ಧಿ ಹೇಳುವಂತೆ.

ಪಕ್ಕದಲ್ಲಿ ಮತ್ತೊಂದು ಗುಂಡಿ, ಮತ್ತೆ ನೀರು, ಮತ್ತೆ ಬಳ್ಳಾರಿಗೆ ಬಸ್ಸು. ಮೂರನೆಯ ದಿನ ಅಳತೆಪಟ್ಟಿ ನೆಟ್ಟು ಅರ್ಧ ಗಂಟೆ ಕೂತ. ನೀರು ನೂಲಿನಷ್ಟೂ ಇಳಿಯಲಿಲ್ಲ. ಇಳಿಯಲೆಂದು ಇನ್ನೂ ಒಂದು ಗಂಟೆ ಕೂತ. ಈ ಹಾಳು ಮಣ್ಣಿಗೆ ಒಂದು ಸಲವಾದರೂ ಕರುಣೆ ಬರಬಾರದೇ ಎನಿಸಿತು. ಕೊನೆಗೆ ‘ಯೋಗ್ಯವಲ್ಲ’ ಎಂದು ಬರೆದ.

ಉಚ್ಚೆಂಗೆಮ್ಮ ಅಳಲಿಲ್ಲ, ಬೈಯಲೂ ಇಲ್ಲ. “ನಿಮ್ಮ ಮನ್ಯಾಗ ಎಷ್ಟು ಕಕ್ಕಸು ಅದಾವ ಸಾರ್?” ಎಂದು ಕೇಳಿದಳು.

“ಎರಡು” ಎಂದ ಭೀಮರಾಜ. ಅವನಿಗೆ ನಾಚಿಕೆಯಾಯಿತು.

ಎದ್ದವನು ಮತ್ತೆ ಕೂತ. ಲೇಔಟಿನ ಆ ತುದಿಗೆ ನೀರು ಸರಾಗವಾಗಿ ಇಂಗುವ ಗರಸು ನೆಲವಿತ್ತು. ಅದನ್ನು ದೊಡ್ಡಬಸವರಾಜ ತನ್ನ ಕಲ್ಯಾಣಮಂಟಪಕ್ಕೆಂದು ಇಟ್ಟುಕೊಂಡಿದ್ದ. ಎಲ್ಲ ಮನೆಗಳ ಕಕ್ಕಸಿನ ನೀರನ್ನೂ ಪೈಪಿನಲ್ಲಿ ಅಲ್ಲಿಗೆ ಒಯ್ದು ಇಂಗಿಸಬೇಕು, ಅಲ್ಲಿಯವರೆಗೆ ಇಡೀ ಲೇಔಟು ಅಯೋಗ್ಯ ಎಂದು ಅದರ ಕೆಳಗೇ ಬರೆದು ಸಹಿ ಹಾಕಿದ. ವರದಿಯ ಫೋಟೋ ತೆಗೆದು ಮಾಲೀಕನಿಗೆ ಕಳಿಸಿದ. ಎರಡೇ ನಿಮಿಷಕ್ಕೆ ಫೋನು ಬಂತು.

“ನನ್ನ ಹೊಟ್ಟಿ ಮ್ಯಾಲ ಹೊಡಿತೀಯೇನಲೇ?”

ಇಪ್ಪತ್ತೆರಡು ವರ್ಷ ಕಂಡಕಂಡ ಮಾಲೀಕರಿಗೆಲ್ಲ ‘ಸಾರ್’ ಎಂದವನು ಭೀಮರಾಜ.

“ಹೌದಲೇ!” ಎಂದು ಕೂಗಿದ. “ಈಕಿಗೆ ಕಕ್ಕಸು ಆಗೋತನಕ ನಿಂದು ಒಂದು ಸೈಟೂ ಪಾಸಾಗಲ್ಲ!”