ಎಡಗಾಲಿನ ಕ್ಲಚ್

ಲಾಕ್‌ಡೌನ್ ಬಂದು ಊರಿನ ಬಸ್ಸುಗಳೆಲ್ಲ ನಿಂತಾಗ ನಮ್ಮವರ ಎಡಗಾಲು ಅಲುಗಾಡಲು ಶುರುವಾಯಿತು.

ಸಿಟಿ ಬಸ್ ಡ್ರೈವರ್ ಆಗಿದ್ದವರು, ರಿಟೈರಾಗಿ ಐದು ತಿಂಗಳಾಗಿತ್ತು. ಕೊಡಿಗೇಹಳ್ಳಿಯ ನಮ್ಮ ಮನೆ ಮುಂದೆ ಕುರ್ಚಿ ಹಾಕಿಕೊಂಡು ಖಾಲಿ ರಸ್ತೆ ನೋಡುತ್ತ ಕೂರುತ್ತಿದ್ದರು. ಪಾದ ತನ್ನಷ್ಟಕ್ಕೆ ಕುಣಿಯುತ್ತಿತ್ತು. ಅಪ್ಪ ಕ್ಲಚ್ ಒತ್ತುತ್ತಿದ್ದಾರೆ ಎಂದು ಮಗಳು ನಕ್ಕಳು. ನಾನೂ ನಕ್ಕೆ. ಮೂವತ್ತೈದು ವರ್ಷದ ಅಭ್ಯಾಸ, ಅಷ್ಟು ಬೇಗ ಬಿಟ್ಟೀತೇ ಎಂದುಕೊಂಡೆ.

ಎರಡು ವರ್ಷ ನಗುತ್ತಲೇ ಇದ್ದೆವು.

ಆಮೇಲೆ ಬಾಗಿಲ ಬಳಿ ಬಂದರೆ ಹೆಜ್ಜೆ ಕಿತ್ತಿಡಲಾಗದೆ ನಿಂತುಬಿಡತೊಡಗಿದರು. ಹೆಬ್ಬಾಳದ ಆಸ್ಪತ್ರೆಗೆ ಕರೆದೊಯ್ದೆ. ನ್ಯೂರಾಲಜಿಸ್ಟ್ ಪಾರ್ಕಿನ್ಸನ್ಸ್ ಎಂದರು.

"ಮೊದ್ಲೇ ಯಾಕಮ್ಮ ಕರ್ಕೊಂಡ್ ಬರ್ಲಿಲ್ಲ?"

ಕ್ಲಚ್ಚಿನ ಕಥೆ ಬಾಯಿತನಕ ಬಂತು. ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಕಾಲು ಅಂಟಿಕೊಂಡಾಗ ಎಳೆಯಬೇಡಿ, ಎಣಿಸಿ, ಇಲ್ಲ ತಾಳ ಹಾಕಿ ಎಂದರು. ಆದರೆ ಒಂದು, ಎರಡು ಎಂದರೆ ಇವರಿಗೆ ಉರಿದುಹೋಗುತ್ತಿತ್ತು. ತಾನೇನು ಅಂಗನವಾಡಿ ಮಗುವೇ ಎಂದು ರೇಗುತ್ತಿದ್ದರು.

ಪೇಪರಿನ ದೊಡ್ಡ ಸುದ್ದಿಗಳೆಲ್ಲ ನಮ್ಮ ಮನೆಗೆ ಇವರ ಮೈಮೇಲೆಯೇ ಬರುತ್ತಿದ್ದವು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪ್ರಧಾನಿಯನ್ನು ಕೊಂದ ದಿನ ಬಸ್ಸನ್ನು ಡಿಪೋದಲ್ಲಿ ಬಿಟ್ಟು ಯಶವಂತಪುರದಿಂದ ನಡೆದೇ ಬಂದಿದ್ದರು. ಕಾವೇರಿ ಗಲಾಟೆಯಲ್ಲಿ ಗಾಜು ಒಡೆದು ಹಣೆಗೆ ಹೊಲಿಗೆ ಬಿದ್ದವು. ಚುನಾವಣೆ ಬಂದರೆ ಮತಪೆಟ್ಟಿಗೆ ಸಾಗಿಸುವ ಡ್ಯೂಟಿ. ಅಂಚೆ ಮತಕ್ಕೆ ಅರ್ಜಿ ಹಾಕುವ ಗೋಜಿಗೆ ಹೋದವರಲ್ಲ. ಹಾಗಾಗಿ ಕೆಲಸಕ್ಕೆ ಸೇರಿದ ಮೇಲೆ ಒಮ್ಮೆಯೂ ವೋಟು ಹಾಕಿರಲಿಲ್ಲ.

ಈ ಬೇಸಿಗೆಯ ಚುನಾವಣೆಗೆ ಹಟ ಹಿಡಿದರು. ಈ ಸಲ ಬಿಟ್ಟರೆ ಇನ್ನೊಂದಕ್ಕೆ ಕಾಲು ಬರುತ್ತದೋ ಇಲ್ಲವೋ ಎಂದರು. ಮತದಾನದ ದಿನ ಕೈ ಹಿಡಿದು ಕರೆದೊಯ್ದೆ.

ಶಾಲೆಯ ಬೂತಿನ ಹೊಸ್ತಿಲಲ್ಲಿ ಕಾಲು ಅಂಟಿತು.

ಹಿಂದೆ ಉದ್ದ ಕ್ಯೂ. ಯಾರೋ ನಿಟ್ಟುಸಿರು ಬಿಟ್ಟರು. ಎಳೆದು ಒಳಗೆ ಹಾಕಿಬಿಡಲೇ ಅನಿಸಿತು, ಎಲ್ಲ ಬಿಟ್ಟು ಓಡಿಹೋಗಲೇ ಎಂದೂ ಅನಿಸಿತು.

"ವಾಪಸ್ ಹೋಗೋಣ್ವೇನ್ರೀ?"

ಅವರು ತಲೆ ಅಲ್ಲಾಡಿಸಿದರು. "ರೈಟ್ ಅನ್ನೇ."

ಬಸ್ಸು ಹೊರಡಿಸಲು ಕಂಡಕ್ಟರ್ ಕೂಗುತ್ತಾರಲ್ಲ, ಅದು. ಅಷ್ಟು ಜನರ ನಡುವೆ ನಾಚಿಕೆಯಾಗಿ ಮೆಲ್ಲಗೆ ಅಂದೆ. ಕಾಲು ಕದಲಲಿಲ್ಲ.

"ಡ್ರೈವರ್‌ಗೆ ಕೇಳಿಸ್ಬೇಕು ಕಣೇ."

ಅಂಗೈಯಿಂದ ಬಾಗಿಲನ್ನು ಎರಡು ಸಲ ಬಡಿದೆ. "ರೈಟ್, ರೈಟ್."

ಎಡಗಾಲು ಎದ್ದಿತು. ಹೊಸ್ತಿಲು ದಾಟಿತು.

ಜೊತೆಗೆ ಬರುವುದು ಬೇಡ ಎಂದರು. ನಾನು ಬಾಗಿಲಲ್ಲೇ ಚಡಪಡಿಸುತ್ತ ನಿಂತೆ. ನಡುಗುವ ಬೆರಳನ್ನು ಹಿಡಿದುಕೊಂಡು ಶಾಯಿ ಹಚ್ಚಿದರು. ಮರೆಯ ಹಿಂದೆ ಹೋದವರು ಬಹಳ ಹೊತ್ತು ಬರಲೇ ಇಲ್ಲ. ಕೊನೆಗೂ ಮೆಷಿನ್ನಿನ ಉದ್ದನೆಯ ಬೀಪ್ ಕೇಳಿಸಿತು. ನನ್ನ ಕಣ್ಣಲ್ಲಿ ನೀರು.

ನಕ್ಕು ಕಳೆದ ಆ ಎರಡು ವರ್ಷ ವಾಪಸ್ ಬರುವುದಿಲ್ಲ, ಗೊತ್ತು. ಮಾತ್ರೆ ಇಷ್ಟರ ಮಟ್ಟಿಗೆ ನಡೆಸುತ್ತಿದೆ, ಅದೇ ದೊಡ್ಡದು.

ಹೊರಬರುವಾಗ ಅದೇ ಹೊಸ್ತಿಲಲ್ಲಿ ಮತ್ತೆ ನಿಂತರು. ಈ ಸಲ ನಾನು ನಾಚಲಿಲ್ಲ. ಕ್ಯೂಗೆಲ್ಲ ಕೇಳಿಸುವಂತೆ ಕೂಗಿದೆ.