ಜರ್ಮನಿ ಹುಡುಗನ ಅಂಗಿಗೆ ಕತ್ತರಿ ಹಾಕಿದ್ದು

ಬೆಟಗೇರಿಯಲ್ಲಿ ಮನೆಮನೆಯ ಹಳೇ ಬಟ್ಟೆ ತಂದು ಕೌದಿ ಹೊಲಿದೇ ಬದುಕಿದವಳು ನಾನು. ಗದಗ ಜಿಲ್ಲೆಯಾದ ಮೇಲೆ ನಮ್ಮ ಓಣಿಯಾಚೆ ನೌಕರದಾರರ ಮನೆಗಳೆದ್ದವು. ಅಲ್ಲಿಯ ಒಬ್ಬ ತಾಯಿ ಒಮ್ಮೆ ಒಂದು ಗಂಟು ಕೊಟ್ಟಳು. ಸೀರೆಗಳ ನಡುವೆ ಒಂದು ಜಾರುವ ಬಿಳಿ ಅಂಗಿ, ಬೆನ್ನ ಮೇಲೆ ಅಂಕಿ, ಕಂಕುಳಲ್ಲಿ ಹರಕು. ಅಂಥ ಬಟ್ಟೆ ಮೇಲ್ಪದರಕ್ಕೆ ನಿಲ್ಲುವುದಿಲ್ಲ. ನಾಲ್ಕು ತುಂಡು ಮಾಡಿ ಒಳಗೆ ಹಾಕಿದೆ.

ಕೌದಿ ಮುಗಿದಾಗ ಅದರ ಹೊಟ್ಟೆಗೆ ರೊಟ್ಟಿ ಚೂರಿಟ್ಟು ಬಾಯಿ ಹೊಲಿಯುವುದು ನಮ್ಮ ರೂಢಿ. ಆಮೇಲೆ ಬಿಚ್ಚಬಾರದು. ಹೊಲಿದು ಏಳುವಷ್ಟರಲ್ಲಿ ಆ ಮನೆಯ ಮಗಳು ಓಡಿ ಬಂದಳು. ಕಾಲೇಜಿನವಳು, ಕಾಲ್ಚೆಂಡು ಆಡುವವಳು.

"ಅಜ್ಜೀ, ಬಿಳಿ ಅಂಗಿ ಎಲ್ಲೈತಿ? ನಮ್ಮವ್ವ ತಿಳೀದ ಕೊಟ್ಟಾಳ. ನಾಡದು ಮುಂಡರಗ್ಯಾಗ ಆಟ ಐತಿ, ಅದನ್ನ ಹಾಕ್ಕೋಬೇಕು."

ಕೌದಿ ಮಡಚಿ ಹಿಂದೆ ಸರಿಸಿದೆ. "ಹುಡುಕತೀನಿ, ನಾಳೆ ಸಂಜಿಗೆ ಬಾ" ಎಂದು ಸುಳ್ಳು ಹೇಳಿದೆ. "ಅಷ್ಟಕ್ಕೂ ಯಾರದವ್ವ ಅದು?"

ಮೊಬೈಲಿನಲ್ಲಿ ತೋರಿಸಿದಳು. ಅಂಥದೇ ಅಂಗಿ ತೊಟ್ಟ, ಮೀಸೆ ಸರಿಯಾಗಿ ಮೂಡದ ಜರ್ಮನಿಯ ಹುಡುಗ. ಎಳೇ ವಯಸ್ಸಿಗೇ ದೊಡ್ಡ ತಂಡ ಸೇರಿದನಂತೆ. ಮೊಣಕಾಲು ಕೆಟ್ಟು ಬಹಳ ದಿನ ಕುಳಿತನಂತೆ. ತಿರುಗಿ ಬಂದ ದಿನವೇ ಗೋಲು ಹೊಡೆದನಂತೆ. ಮೈದಾನ ತುಂಬ ಜನ ಅವನ ಹೆಸರು ಕೂಗುತ್ತಿದ್ದರು.

"ಹ್ವಾದ ವಾರ ಬ್ಯಾರೆ ತಂಡಕ್ಕ ಹ್ವಾದ. ಈಗ ಇದ ಮಂದಿ ಅವನ ಅಂಗಿ ಸುಡಾಕತ್ತಾರ. ಇನ್ನ ಇಂಥಾದ್ದು ಅಂಗಡ್ಯಾಗ ಸಿಗಂಗಿಲ್ಲ."

"ಹೊತ್ತು ಮೆರೆಸಿದವರೇ ಸುಡತಾರೇನ?"

"ಅವರು ಸುಡಲಿ. ನಾ ಹಾಕ್ಕೊಂಡ ಆಡತೀನಿ."

ಮರುದಿನ ಬಾಗಿಲು ಹಾಕಿಕೊಂಡು ಕೌದಿ ಬಿಚ್ಚಿದೆ. ಹೊಟ್ಟೆ ತುಂಬಿಸಿದ ಕೌದಿ ಬಿಚ್ಚುವುದನ್ನು ಓಣಿಯವರು ಕಂಡರೆ ನನ್ನ ಕೈಗೆ ಮತ್ತೆ ಬಟ್ಟೆ ಕೊಡುವವರಿಲ್ಲ. ಹೊರಗೆ ಚಪ್ಪಲಿ ಸಪ್ಪಳವಾದಾಗಲೆಲ್ಲ ಸೂಜಿ ನಿಲ್ಲಿಸಿದೆ. ಅಂಗಿಯ ತುಂಡುಗಳು ಜಾರುತ್ತಿದ್ದವು. ಮೂರು ಸಲ ಕೈಗೆ ಚುಚ್ಚಿಕೊಂಡೆ. ಕೂಡಿಸಿದೆ, ಆದರೆ ಹೊಲಿಗೆ ಅಂಕಿಯ ನಡುವೆಯೇ ಬಂತು.

ಸಂಜೆ ತಾಯಿ, ಮಗಳು ಇಬ್ಬರೂ ಬಂದರು.

"ಕಳದಿರಲಿಲ್ಲ, ನಾನ ಕತ್ತರಿಸಿದ್ದೆ" ಎಂದೆ.

ತಾಯಿ ಎಗರಿದಳು. "ಇಷ್ಟು ವರ್ಷ ಹೊಲದಾಕಿಗೆ ಒಂದ ಮಾತು ಕೇಳಾಕ ಬಾಯಿ ಇರಲಿಲ್ಲೇನು?"

"ಗಂಟು ಕಟ್ಟುವಾಗ ನಿಮ್ಮ ಕಣ್ಣು ಎಲ್ಲಿದ್ದುವ್ರಿ?"

ಮಗಳು ಅಂಗಿ ಹಾಕಿಕೊಂಡು ತೋಳು ಎತ್ತಿ ನೋಡಿದಳು. ಎರಡು ಬೆರಳಷ್ಟು ಬಿಗಿಯಾಗಿತ್ತು. ಕಂಕುಳಲ್ಲಿ ಪರ್ ಎಂದಿತು.

"ಇದ್ರಾಗ ಓಡಾಕಾಗೂದಿಲ್ಲ ಅಜ್ಜಿ" ಎಂದು ತೆಗೆದು ಮಡಚಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಮುಂಡರಗಿಗೆ ಬೇರೆ ಅಂಗಿಯಲ್ಲೇ ಹೋದಳಂತೆ. ಗೆದ್ದರೋ ಸೋತರೋ ಕೇಳುವ ಧೈರ್ಯ ನನಗಾಗಲಿಲ್ಲ. ಆ ಮನೆಯಿಂದ ಮತ್ತೆ ಗಂಟು ಬರಲಿಲ್ಲ.